ಜೆಮ್ ಕ್ಲಿಪ್‌ನ ಪೇಟೆಂಟ್ ನಂಬರ್ ಯಾವುದು? ವಾಲರ್‌ನದು ಹೊಂದುತ್ತಿಲ್ಲ

ತಂತಿಬೇಲಿ:
ಕಾಗದದ ಕ್ಲಿಪ್ ಕಂಡುಹಿಡಿದವನು ನಾರ್ವೆಯ ಯೋಹಾನ್ ವಾಲರ್ ಎಂದು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲೆಲ್ಲ ಇದೆ. ಅವನ ಅಮೆರಿಕನ್ ಪೇಟೆಂಟ್ 675,761 (4 ಜೂನ್ 1901) ತೆಗೆದು ನೋಡಿದರೆ ಚಿತ್ರದಲ್ಲಿ ಆಯತ ಇದೆ, ತ್ರಿಕೋನ ಇದೆ. ನಮ್ಮ ಆಫೀಸುಗಳ ಜೆಮ್ ಕ್ಲಿಪ್ ಎಲ್ಲೂ ಇಲ್ಲ, ಒಳಗಿನ ಸುತ್ತೇ ಇಲ್ಲ. ಜೆಮ್‌ಗೆ ಬೇರೆ ನಂಬರ್ ಇದೆಯೇ? ಒಂದು ಸುತ್ತು ಕಡಿಮೆಯಾದರೆ ಅಷ್ಟೇನು ವ್ಯತ್ಯಾಸ? ಎರಡನ್ನೂ ಬಗ್ಗಿಸಿ ಹೋಲಿಸಬೇಕೆಂದಿದ್ದೇನೆ. ಯಾವ ತಂತಿ, ಎಷ್ಟು ಉದ್ದ?

ಕ್ಲೇಮ್_ಓದುಗ:
ಜೆಮ್ ಆಕಾರಕ್ಕೆ ನಂಬರ್ ಇಲ್ಲ. ಅದಕ್ಕೆ ಯಾರೂ ಪೇಟೆಂಟ್ ಪಡೆಯಲಿಲ್ಲ.

ಹಳೆಯ ಪೇಟೆಂಟನ್ನು ಹಿಂದಿನಿಂದ ಓದಿ. ಚಿತ್ರ, ವಿವರಣೆ ಎಲ್ಲ ಪೀಠಿಕೆ. ಹಕ್ಕು ಎಷ್ಟೆಂದು ಹೇಳುವುದು ಕೊನೆಯಲ್ಲಿರುವ ಕ್ಲೇಮ್, ಅಂದರೆ 'ಇದು ನನ್ನದು' ಎಂದು ಕೇಳುವ ಭಾಗ ಮಾತ್ರ. ವಾಲರ್ ಕೇಳಿದ್ದಿಷ್ಟು: ಸ್ಪ್ರಿಂಗ್ ಗುಣದ ತಂತಿಯನ್ನು ಆಯತ, ತ್ರಿಕೋನ ಅಥವಾ ಬೇರೆ ಆಕಾರದ ಬಳೆಯಂತೆ ಬಗ್ಗಿಸಿ, ಅದರ ಎರಡು ತುದಿಗಳು ಎದುರುಬದುರು ದಿಕ್ಕಿನಲ್ಲಿ ಅಕ್ಕಪಕ್ಕ ನಾಲಿಗೆಗಳಂತೆ ಮಲಗಿರುವುದು. ತಂತಿಯಿಂದ ಕಾಗದ ಹಿಡಿಯುವುದು ತನ್ನದೇ ಯೋಚನೆ ಎಂದು ಅವನು ಹಕ್ಕು ಸಾಧಿಸಿಲ್ಲ, ಸಾಧಿಸುವಂತೆಯೂ ಇರಲಿಲ್ಲ. 1867ರಲ್ಲೇ ಸ್ಯಾಮ್ಯುಯೆಲ್ ಫೇ ಎಂಬವನಿಗೆ ಬಗ್ಗಿಸಿದ ತಂತಿಯ ಕ್ಲಿಪ್‌ಗೆ ಪೇಟೆಂಟ್ (64,088) ಸಿಕ್ಕಿತ್ತು. ಅದರ ಮುಖ್ಯ ಉದ್ದೇಶ ಬಟ್ಟೆಗೆ ಚೀಟಿ ಸಿಕ್ಕಿಸುವುದು.

ಜೆಮ್ ಆಗಲೇ ಮಾರುಕಟ್ಟೆಯಲ್ಲಿತ್ತು. ಕುಶ್ಮನ್ ಆಂಡ್ ಡೆನಿಸನ್ ಕಂಪನಿ 1904ರಲ್ಲಿ 'ಜೆಮ್' ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿದಾಗ 1892ರ ಮಾರ್ಚ್‌ನಿಂದಲೇ ಬಳಕೆಯಲ್ಲಿದೆ ಎಂದು ಬರೆದುಕೊಟ್ಟಿತ್ತು. ಅಂದಿನ ಅಮೆರಿಕನ್ ಕಾನೂನಿನಲ್ಲಿ ಅರ್ಜಿಗೆ ಎರಡು ವರ್ಷಕ್ಕಿಂತ ಹಿಂದಿನಿಂದ ಆ ವಸ್ತು ಸಾರ್ವಜನಿಕ ಬಳಕೆಯಲ್ಲೋ ಮಾರಾಟದಲ್ಲೋ ಇದ್ದರೆ ಪೇಟೆಂಟ್ ಸಿಗದು. ಆ ತಾರೀಕು ನಿಜವಾದರೆ ವಾಲರ್‌ಗೆ ಪೇಟೆಂಟ್ ಸಿಗುವ ಹೊತ್ತಿಗೆ ಜೆಮ್ ಆಕಾರಕ್ಕೆ ಪೇಟೆಂಟಿನ ಬಾಗಿಲು ಮುಚ್ಚಿ ವರ್ಷಗಳೇ ಆಗಿದ್ದವು.

ಓಸ್ಲೋ ಪಕ್ಕದ ಸಾಂಡ್ವಿಕಾದಲ್ಲಿ 1989ರಲ್ಲಿ ವಾಲರ್ ಗೌರವಕ್ಕೆಂದು ನಿಲ್ಲಿಸಿದ ದೈತ್ಯ ಕ್ಲಿಪ್ ಕೂಡ ಜೆಮ್ ಜಾತಿಯದೇ. ಪಾಪ, ಅವನ ಕ್ಲಿಪ್ ಅವನ ಸ್ಮಾರಕದಲ್ಲೂ ಇಲ್ಲ.

ಲೇತ್‌ಮನೆ:
ಬಗ್ಗಿಸುವ ವಿಷಯಕ್ಕೆ ಬರೋಣ. 33 ಮಿ.ಮೀ. ಕ್ಲಿಪ್‌ಗೆ ಸುಮಾರು 1 ಮಿ.ಮೀ. ದಪ್ಪದ, 100 ಮಿ.ಮೀ. ಉದ್ದದ ತಂತಿ ಸಾಕು. ಕಡಿಮೆ ಇಂಗಾಲದ, ತಣ್ಣಗೆ ಎಳೆದು ಗಟ್ಟಿ ಮಾಡಿದ ಉಕ್ಕಿನ ತಂತಿ ಕೇಳಿ ತನ್ನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸುಮ್ಮನೆ ತಂತಿ ಎಂದರೆ ಕಂಬಿ ಕಟ್ಟುವ ಬೈಂಡಿಂಗ್ ವೈರ್ ಕೊಡುತ್ತಾರೆ. ಅದು ಕಾಯಿಸಿ ಮೆತ್ತಗಾಗಿಸಿದ್ದು. ಒಮ್ಮೆ ತೆರೆದರೆ ಹಾಗೇ ಬಾಯಿ ಬಿಟ್ಟುಕೊಂಡಿರುತ್ತದೆ. ಪಿಯಾನೋ ತಂತಿ ಇದಕ್ಕೆ ತದ್ವಿರುದ್ಧ: ಬಗ್ಗಿಸಿದಷ್ಟೂ ಹಿಂದಕ್ಕೆ ಹಾರುತ್ತದೆ, ಚಿಕ್ಕ ತಿರುವಿನಲ್ಲಿ ಬಿರುಕು ಬಿಡಬಹುದು.

ದಪ್ಪದಲ್ಲಿ ಉದಾಸೀನ ಬೇಡ. ಬಿಗಿತ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ, ಆದ್ದರಿಂದ ಅದೇ ಅಳತೆಯ ಕ್ಲಿಪ್ಪನ್ನು 0.8 ಮಿ.ಮೀ. ತಂತಿಯಲ್ಲಿ ಮಾಡಿದರೆ ಹಿಡಿತ ನೂರಕ್ಕೆ 41 ಮಾತ್ರ ಉಳಿಯುತ್ತದೆ.

ಜೆಮ್‌ಗೆ ಮೂರು ಅರ್ಧಸುತ್ತು. ಹಲಗೆಗೆ ಮೂರು ಮೊಳೆ ಹೊಡೆದು ತಲೆ ಕತ್ತರಿಸಿ. ಮೊದಲು ಒಳಗಿನ ಕಿರಿದಾದ ತಿರುವು, ಆಮೇಲೆ ಎದುರು ತುದಿಯದು, ಕೊನೆಗೆ ಹೊರಗಿನ ಅಗಲದ್ದು. ಬಿಟ್ಟಾಗ ತಂತಿ ಸ್ವಲ್ಪ ಹಿಂದೆ ಸರಿಯುತ್ತದೆ, ಅದಕ್ಕೇ ಮೊಳೆ ಬೇಕಾದ ಸುತ್ತಿಗಿಂತ ಸಣ್ಣದಿರಲಿ, 180 ಡಿಗ್ರಿ ದಾಟಿಸಿ 190–200ರವರೆಗೆ ಎಳೆಯಿರಿ. ಒಳಸುತ್ತಿನ ತಲೆ ಹೊರಸುತ್ತಿಗಿಂತ ಕೆಲವು ಮಿ.ಮೀ. ಕೆಳಗೆ ನಿಲ್ಲಬೇಕು. ಎರಡೂ ಒಂದೇ ಎತ್ತರಕ್ಕೆ ಬಂದರೆ ಕಾಗದಕ್ಕೆ ಬಾಯಿಯೇ ಸಿಗದು. ಕತ್ತರಿಸಿದ ತುದಿಗಳನ್ನು ಅರದಿಂದ ಉಜ್ಜಿ, ಇಲ್ಲದಿದ್ದರೆ ಕ್ಲಿಪ್ ತೆಗೆಯುವಾಗ ಹಾಳೆ ಗೀರುತ್ತದೆ.

ವಾಲರ್‌ನದನ್ನು ಮಾಡಿ ನೋಡಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಜೆಮ್‌ನಲ್ಲಿ ಕಾಗದದ ಅಂಚಿಗೆ ಮೊದಲು ಸಿಗುವುದು ಗುಂಡಗಿನ ಸುತ್ತು. ತಳ್ಳಿದರೆ ಒಳಸುತ್ತು ಏಳುತ್ತದೆ. ಕಾಲುಗಳು ಬಾಗುವುದರ ಜೊತೆಗೆ ತಿರುಚಿಕೊಂಡು ಕಾಗದವನ್ನು ಒತ್ತುತ್ತವೆ. ವಾಲರ್‌ನದರಲ್ಲಿ ಎದುರಾಗುವುದು ಕತ್ತರಿಸಿದ ತುದಿ. ಪ್ರತಿ ಸಲವೂ ಉಗುರಿನಿಂದ ನಾಲಿಗೆ ಎತ್ತಬೇಕು. ಅದು ಉತ್ಪಾದನೆಗೆ ಹೋಗದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗೆಂದು ಜೆಮ್ ದೋಷವಿಲ್ಲದ್ದಲ್ಲ. ಕಟ್ಟು ದಪ್ಪವಾದರೆ ತಂತಿ ಸ್ಥಿತಿಸ್ಥಾಪಕ ಮಿತಿ ದಾಟಿ ಸೊಟ್ಟಗೇ ಉಳಿಯುತ್ತದೆ. ಸತುವಿನ ಲೇಪ ಸವೆದರೆ ತುಕ್ಕಿನ ಅಚ್ಚು ಕಡತಕ್ಕೆ ಹತ್ತುತ್ತದೆ.

ಕ್ಲೇಮ್_ಓದುಗ:
ಒಂದು ಬಿಟ್ಟುಹೋಯಿತು. ಜೆಮ್‌ನ ಚಿತ್ರ ಬೇಕಿದ್ದರೆ 636,272 ನೋಡಿ. ಕನೆಕ್ಟಿಕಟ್‌ನ ವಾಟರ್‌ಬರಿಯ ವಿಲಿಯಂ ಮಿಡಲ್‌ಬ್ರೂಕ್‌ಗೆ 7 ನವೆಂಬರ್ 1899ರಂದು ಸಿಕ್ಕಿದ್ದು. ಜೆಮ್ ಅಲ್ಲಿ ಸ್ಪಷ್ಟವಾಗಿದೆ, ಆದರೆ ಕ್ಲೇಮ್ ಪೂರ್ತಿ ಕ್ಲಿಪ್ ಮಾಡುವ ಯಂತ್ರದ್ದು. ನನ್ನ ಲೆಕ್ಕದಲ್ಲಿ ಜಾಣತನ ಇದೇ. ಕ್ಲಿಪ್ಪನ್ನು ಯಾರು ಬೇಕಾದರೂ ಕೈಯಲ್ಲಿ ಬಗ್ಗಿಸಬಹುದು, ಆದರೆ ಲಾಭ ಇರುವುದು ಅಗ್ಗವಾಗಿ ಲಕ್ಷಗಟ್ಟಲೆ ಉದುರಿಸುವುದರಲ್ಲಿ. ಕುಶ್ಮನ್ ಆಂಡ್ ಡೆನಿಸನ್ ಅದೇ ವರ್ಷ ಈ ಪೇಟೆಂಟ್ ಕೊಂಡುಕೊಂಡಿತು.

ತಂತಿಬೇಲಿ:
ಇಬ್ಬರಿಗೂ ಧನ್ಯವಾದ. ಈ ಕಾಲದ ಬೇರೆ ಕ್ಲಿಪ್‌ಗಳನ್ನು ಹುಡುಕುವುದು ಹೇಗೆ? ಪದ ಹಾಕಿದರೆ ಏನೂ ಬರುತ್ತಿಲ್ಲ.

ಕಡತಶೋಧ:
1976ಕ್ಕೆ ಮೊದಲಿನ ಅಮೆರಿಕನ್ ಪೇಟೆಂಟ್‌ಗಳು ಮೂಲದಲ್ಲಿ ಸ್ಕ್ಯಾನ್ ಚಿತ್ರಗಳು. ಯಂತ್ರ ಓದಿದ ಪಠ್ಯದಲ್ಲಿ ತಪ್ಪು ತುಂಬ, ಪದ ನಂಬಿ ಕೂರಬೇಡಿ. ಕಾಗದ ಹಿಡಿಯುವ ಸಾಧನಗಳ ವರ್ಗೀಕರಣ ಸಂಕೇತ ಬಿ42ಎಫ್ 1 ಹಾಕಿ, ವರ್ಷ 1890–1935 ಎಂದು ಮಿತಿ ಕೊಡಿ. ಸಂಕೇತವನ್ನು ಹುಡುಕುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಹಾಕಬೇಕು. ಒಂದು ತುದಿ ಗುಂಡಗೆ, ಇನ್ನೊಂದು ಚೂಪಾಗಿರುವ ಲ್ಯಾಂಕೆನಾವ್ ಎಂಬವನ 1934ರ ಕ್ಲಿಪ್ ಸಿಕ್ಕರೆ ಅದನ್ನೂ ಬಗ್ಗಿಸಿ ನೋಡಿ.

ಅವಧಿ ಎಣಿಸುವಾಗ ದೇಶ ನೋಡಿಕೊಳ್ಳಿ. ಆಗ ಅಮೆರಿಕದಲ್ಲಿ ಮಂಜೂರಾದ ದಿನದಿಂದ 17 ವರ್ಷ, ನವೀಕರಣ ಶುಲ್ಕ ಇಲ್ಲ. ಜರ್ಮನಿಯಲ್ಲಿ ಮೊದಲು ಅರ್ಜಿಯಿಂದ 15 ವರ್ಷ, ವರ್ಷವರ್ಷ ಏರುವ ಶುಲ್ಕ ಕಟ್ಟದಿದ್ದರೆ ಅಲ್ಲಿಗೆ ಮುಗಿಯಿತು. ಭಾರತದ 1911ರ ಕಾಯ್ದೆಯಲ್ಲಿ ಮೊದಲು 14 ವರ್ಷ. ಬ್ರಿಟನ್ನಿನದು ಬೇರೆಯೇ ರಗಳೆ: 1915ರವರೆಗೆ ಪ್ರತಿ ವರ್ಷ ನಂಬರ್ ಮತ್ತೆ 1ರಿಂದ ಶುರು, ಹಾಗಾಗಿ ವರ್ಷವಿಲ್ಲದ ನಂಬರಿಗೆ ಅರ್ಥವಿಲ್ಲ. ಅಲ್ಲಿ ಹೊಸತನವನ್ನು ಕಚೇರಿಯೇ ಹುಡುಕಿ ನೋಡುವ ಪದ್ಧತಿ ಬಂದದ್ದು 1905ರಲ್ಲಿ. ಅದಕ್ಕೂ ಹಿಂದಿನ ಬ್ರಿಟಿಷ್ ಪೇಟೆಂಟ್ ತೋರಿಸಿ 'ಇವನೇ ಮೊದಲಿಗ' ಎಂದು ಯಾರಾದರೂ ವಾದಿಸಿದರೆ, ಆ ಮಾತನ್ನು ಅಲ್ಲಿ ಯಾರೂ ಪರೀಕ್ಷಿಸಿರಲಿಲ್ಲ ಎಂದು ಹೇಳಿ.