ಸಹಾಯ ಬೇಕು: ಪಿಎಂ 2.5 ಅಂಕಿಗಳಿಗೆ ಯಾವ ಪರೀಕ್ಷೆ?

ನಮಸ್ಕಾರ. ಮಡಿಕೇರಿಯ ಡಿಗ್ರಿ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಸಂಖ್ಯಾಶಾಸ್ತ್ರ ಬಲ್ಲವರ ನೆರವು ಬೇಕು. ಬೆಂಗಳೂರಿನ ಪೀಣ್ಯ ಮತ್ತು ಸಿಲ್ಕ್ ಬೋರ್ಡ್ ವಾಯುಮಾಪನ ಕೇಂದ್ರಗಳ ಜನವರಿ–ಮಾರ್ಚ್ ಪಿಎಂ 2.5 (ಗಾಳಿಯಲ್ಲಿನ ಅತಿ ಸಣ್ಣ ಧೂಳುಕಣ) ಮಟ್ಟದಲ್ಲಿ ನಿಜಕ್ಕೂ ವ್ಯತ್ಯಾಸವಿದೆಯೇ ಎಂಬುದು ಪ್ರಶ್ನೆ. ಶೂನ್ಯ ಪ್ರಾಕ್ಕಲ್ಪನೆ: ವ್ಯತ್ಯಾಸವಿಲ್ಲ. ಆಲ್ಫಾ (ವ್ಯತ್ಯಾಸವಿಲ್ಲದಿದ್ದರೂ ಇದೆ ಎನ್ನುವ ತಪ್ಪಿಗೆ ಒಪ್ಪಿದ ಮಿತಿ) 0.05.

ಗಂಟೆವಾರು ಅಂಕಿಗಳಲ್ಲಿ 18 ಗಂಟೆಗಿಂತ ಕಡಿಮೆ ದಾಖಲಾದ ದಿನಗಳನ್ನು ಬಿಟ್ಟು ದಿನದ ಸರಾಸರಿ ತೆಗೆದಿದ್ದಾರೆ. ಎರಡೂ ಕಡೆ ಬೀಸುವುದು ಹೆಚ್ಚುಕಡಿಮೆ ಒಂದೇ ಗಾಳಿ. ಹಾಗಾಗಿ ಒಂದೇ ದಿನಾಂಕದ ಜೋಡಿಗಳನ್ನೇ ಹೋಲಿಸಬೇಕು. ಅಂಕಿಗಳು ಬಲಕ್ಕೆ ವಾಲಿರುವುದರಿಂದ (ಕೆಲವು ದಿನ ಮಾತ್ರ ತೀರಾ ಹೆಚ್ಚು) ಲಾಗ್ ತೆಗೆದು ಜೋಡಿ ಟಿ-ಪರೀಕ್ಷೆ (ಜೋಡಿಗಳ ಸರಾಸರಿ ವ್ಯತ್ಯಾಸ ಸೊನ್ನೆಯೇ ಎಂದು ನೋಡುವುದು) ಎಂದುಕೊಂಡಿದ್ದಾರೆ.

ತೊಡಕು ಇಲ್ಲೇ. ನಿನ್ನೆಯ ಹೊಗೆ ಇಂದಿಗೂ ಉಳಿಯುತ್ತದೆ, ದಿನಗಳು ಪರಸ್ಪರ ಸ್ವತಂತ್ರವಲ್ಲ. ಅಕ್ಕಪಕ್ಕದ ದಿನಗಳ ವ್ಯತ್ಯಾಸಗಳ ನಡುವಿನ ಸಹಸಂಬಂಧ 0.6 ಇದ್ದರೆ, 90 ದಿನಗಳ ಬೆಲೆ 90 × 0.4 ÷ 1.6, ಅಂದರೆ ಸುಮಾರು 22 ಸ್ವತಂತ್ರ ದಿನಗಳಷ್ಟು ಮಾತ್ರ. ಇದನ್ನು ಗಮನಿಸದಿದ್ದರೆ ಪಿ-ಮೌಲ್ಯ (ನಿಜಕ್ಕೂ ವ್ಯತ್ಯಾಸವಿಲ್ಲದಿದ್ದರೆ ಇಷ್ಟು ಅಥವಾ ಇನ್ನೂ ಹೆಚ್ಚು ಅಂತರ ಕಾಣುವ ಸಂಭವ) ಸುಳ್ಳೇ ಚಿಕ್ಕದಾಗುತ್ತದೆ. ಅಂಕಿಗಳ ಬದಲು ಅವುಗಳ ಶ್ರೇಣಿ ನೋಡುವ ವಿಲ್ಕಾಕ್ಸನ್ ಪರೀಕ್ಷೆಗೆ ಹೋದರೂ ಈ ಕಾಟ ತಪ್ಪದು. ಬ್ಲಾಕ್ ಬೂಟ್‌ಸ್ಟ್ರ್ಯಾಪ್ (ಸಾಲು ದಿನಗಳ ಗುಂಪುಗಳನ್ನೇ ಮತ್ತೆ ಮತ್ತೆ ಯಾದೃಚ್ಛಿಕವಾಗಿ ಆರಿಸಿ ಲೆಕ್ಕ ಹಾಕುವುದು) ಮಾಡುವುದಾದರೆ ಬ್ಲಾಕ್ 5 ದಿನದ್ದಿರಲೋ 7 ದಿನದ್ದೋ? ಆರ್‌ನಲ್ಲಿ (ಸಂಖ್ಯಾಶಾಸ್ತ್ರದ ತಂತ್ರಾಂಶ) ಕೋಡ್ ಇದ್ದವರು ದಯವಿಟ್ಟು ಹಂಚಿಕೊಳ್ಳಿ.

ಇನ್ನೊಂದು. ಮಡಿಕೇರಿಯನ್ನೂ ಸೇರಿಸುವ ಆಸೆ ಮಕ್ಕಳಿಗಿದೆ. ಆದರೆ ಅಗ್ಗದ ಲೇಸರ್ ಸೆನ್ಸರ್ ಮಂಜಿನ ಹನಿಯನ್ನೂ ಧೂಳೆಂದು ಎಣಿಸುತ್ತದೆ. ನಮ್ಮ ಮಳೆಗಾಲದಲ್ಲಂತೂ ಅದರ ಮಾತು ನಂಬುವಂತಿಲ್ಲ. ಒಳಬರುವ ಗಾಳಿಯನ್ನು ಬಿಸಿಮಾಡಿ ಒಣಗಿಸುವ ಸರಳ ವ್ಯವಸ್ಥೆ ಕಟ್ಟಿದವರು ಕುಶಾಲನಗರ, ವಿರಾಜಪೇಟೆ ಕಡೆ ಯಾರಾದರೂ ಇದ್ದರೆ ಕಾಮೆಂಟಿನಲ್ಲಿ ತಿಳಿಸಿ.