ವಿನ್ಸ್ಲೋ ಅಂದ ಮಾತ್ರಕ್ಕೆ ಮೇಫ್ಲವರ್ ಅಲ್ಲ

ಗುಂಪು: ಮನೆಮಂದಿ

ಮೈಸೂರು ಮಾವ, ರಾತ್ರಿ 8:04
[ಫಾರ್ವರ್ಡ್ ಆದ ಚಿತ್ರ] "ನಿಮ್ಮ ಮನೆತನದ ಹೆಸರು ವಿನ್ಸ್ಲೋ, ಫುಲ್ಲರ್, ಹೌಲ್ಯಾಂಡ್, ಆಲ್ಡನ್? ಹಾಗಾದರೆ ನೀವು 1620ರ ಮೇಫ್ಲವರ್ ಹಡಗಿನ ವಂಶಜರು! ಒಂದು ಡಿಎನ್ಎ ಕಿಟ್ ಸಾಕು, ಸಂಘದ ಸದಸ್ಯರಾಗಿ. 3.5 ಕೋಟಿ ಜನ ಅರ್ಹರು."

ಮೈಸೂರು ಮಾವ, 8:05
ಬಾಸ್ಟನ್ ಮಕ್ಕಳ ತಾಯಿಯ ತವರು ವಿನ್ಸ್ಲೋ ಅಲ್ವಾ? ಮೇನ್ ರಾಜ್ಯದವರು. ಮಕ್ಕಳಿಬ್ಬರಿಗೂ ಕಿಟ್ ತರಿಸಿ ಅರ್ಜಿ ಹಾಕಿಬಿಡಿ. ಒಳ್ಳೇ ವಿಷಯ.

ಬಾಸ್ಟನ್ ಅಕ್ಕ, 8:21
ಮಾವ, ಈ ಚಿತ್ರದಲ್ಲಿ ಎರಡು ತಪ್ಪಿವೆ, ಎರಡೂ ದೊಡ್ಡವೇ. ಸರ್‌ನೇಮ್ ನೋಡಿ ಮೇಫ್ಲವರ್ ವಂಶಜರ ಸಂಘ ಯಾರನ್ನೂ ಸೇರಿಸಿಕೊಳ್ಳಲ್ಲ. ಅದರಲ್ಲೂ ವಿನ್ಸ್ಲೋ ಹೆಸರೇ ಎಲ್ಲರನ್ನೂ ಎಡವಿಸುವುದು. ಮೇಫ್ಲವರ್ ಅಂದರೆ 1620ರಲ್ಲಿ ಇಂಗ್ಲೆಂಡಿನ ವಲಸಿಗರನ್ನು ಅಮೆರಿಕಕ್ಕೆ ತಂದ ಹಡಗು, ಅವರು ನೆಲೆಸಿದ ಊರು ಈಗಿನ ಮ್ಯಾಸಚೂಸೆಟ್ಸ್‌ನ ಪ್ಲಿಮತ್. ಪ್ಲಿಮತ್‌ಗೆ ಬಂದ ವಿನ್ಸ್ಲೋ ಅಣ್ಣತಮ್ಮಂದಿರು ಐವರು. ಮೇಫ್ಲವರ್‌ನಲ್ಲಿ ಬಂದದ್ದು ಎಡ್ವರ್ಡ್ ಮತ್ತು ಗಿಲ್ಬರ್ಟ್ ಇಬ್ಬರೇ. ಜಾನ್ 1621ರಲ್ಲಿ ಫಾರ್ಚೂನ್ ಹಡಗಿನಲ್ಲಿ ಬಂದ. ಕೆನೆಲ್ಮ್, ಜೋಸಯ್ಯ ಇನ್ನೂ ತಡವಾಗಿ. ಕೆನೆಲ್ಮ್ ಸಂತತಿ ಇವತ್ತಿಗೂ ವಿನ್ಸ್ಲೋ ಅಂತಲೇ ಹೆಸರಿಟ್ಟುಕೊಂಡಿದೆ, ಆದರೆ ಅವನ ಮೂಲಕ ಸಂಘದ ಬಾಗಿಲು ತೆರೆಯಲ್ಲ.

ಮೈಸೂರು ಮಾವ, 8:23
ಅಣ್ಣ ಹಡಗಲ್ಲಿದ್ದರೆ ತಮ್ಮನ ಮಕ್ಕಳಿಗೂ ಲೆಕ್ಕ ಆಗಬೇಕಲ್ವಾ? ಒಂದೇ ರಕ್ತ.

ಬಾಸ್ಟನ್ ಅಕ್ಕ, 8:26
ಆಗಲ್ಲ. ನೇರ ಸಂತತಿ ಆಗಿರಬೇಕು. ದಾಯಾದಿ ಲೆಕ್ಕಕ್ಕಿಲ್ಲ. ಆದರೆ ಹೆಣ್ಣುಮಕ್ಕಳ ಮೂಲಕ ಬಂದರೂ ನಡೆಯುತ್ತೆ. ತಮಾಷೆ ಏನೆಂದರೆ ಫಾರ್ಚೂನ್‌ನಲ್ಲಿ ಬಂದ ಜಾನ್ ವಿನ್ಸ್ಲೋ ಮದುವೆಯಾದದ್ದು ಮೇರಿ ಚಿಲ್ಟನ್‌ಳನ್ನ. ಅವಳು ಮೇಫ್ಲವರ್‌ನಲ್ಲಿ ಅಪ್ಪ ಅಮ್ಮನ ಜೊತೆ ಬಂದ ಹುಡುಗಿ. ಅಪ್ಪ ಜೇಮ್ಸ್ ಚಿಲ್ಟನ್ 1620ರ ಡಿಸೆಂಬರ್‌ನಲ್ಲೇ, ಪ್ಲಿಮತ್ ಸೇರುವ ಮೊದಲೇ ತೀರಿಕೊಂಡ. ಅಮ್ಮನೂ ಆ ಮೊದಲ ಚಳಿಗಾಲ ದಾಟಲಿಲ್ಲ. ಜಾನ್ ಸಂತತಿಗೆ ಸದಸ್ಯತ್ವ ಸಿಗುವುದು ವಿನ್ಸ್ಲೋ ಹೆಸರಿನಿಂದಲ್ಲ, ಚಿಲ್ಟನ್ ರಕ್ತದಿಂದ. ಮೇರಿಯ ಅಕ್ಕ ಇಸಬೆಲ್ಲಾ ಆ ಹಡಗು ಹತ್ತಲೇ ಇಲ್ಲ, ಆಮೇಲೆ ಬಂದಳು. ಅವಳ ಸಂತತಿಯೂ ಅರ್ಹರೇ, ಯಾಕೆಂದರೆ ಹಡಗಲ್ಲಿದ್ದ ಜೇಮ್ಸ್ ಅವಳಿಗೂ ಅಪ್ಪ.

ಹಾಗಾಗಿ ಮಕ್ಕಳ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಮೇನ್‌ನ ಆ ವಿನ್ಸ್ಲೋಗಳು ಯಾವ ಅಣ್ಣತಮ್ಮನ ಕವಲು?

ಧಾರವಾಡ ಕಾಕಾ, 8:40
ನನ್ನ ಮೊದಲನೇ ಪ್ರಶ್ನಿ ಬ್ಯಾರೆ. ಅವರು ಇಳದ ಜಾಗಾ ಯಾರದಿತ್ತು? ಆ ಚಿತ್ರದಾಗ ಒಂದು ಅಕ್ಷರನೂ ಇಲ್ಲ. ಪ್ಲಿಮತ್ ಅಂತ ಹೆಸರಿಟ್ಟ ಊರು ಅಲ್ಲಿಯ ಮೂಲನಿವಾಸಿ ವಾಂಪನೋಗ್ ಮಂದಿಯ ಪಟುಕ್ಸೆಟ್ ಹಳ್ಳಿ. 1616ರಿಂದ 1619ರ ರೋಗದಾಗ ಆ ಹಳ್ಳಿ ಪೂರ್ತಿ ಹಾಳಾಗಿತ್ತು, ಇವರು ಬಂದು ಅವರ ಹೊಲದಾಗ ಬಿತ್ತಿದ್ರು. 1621ರಾಗ ಇವರ ಕೂಡ ಒಪ್ಪಂದಾ ಮಾಡಿಕೊಂಡ ವಾಂಪನೋಗ್ ನಾಯಕ ಮ್ಯಾಸಸೋಯಿಟ್‌ನ ಮಗ ಮೆಟಾಕಾಮ್‌ನ ತಲೀ ಕಡದು 1676ರಾಗ ಅದೇ ಪ್ಲಿಮತ್‌ನಾಗ ಗಳಕ್ಕ ಸಿಗಿಸಿದ್ರು. 1970ರಿಂದ ಅಲ್ಲಿಯ ಮೂಲನಿವಾಸಿಗಳು ಥ್ಯಾಂಕ್ಸ್‌ಗಿವಿಂಗ್ ದಿನ ಕೋಲ್ಸ್ ಹಿಲ್ ಮ್ಯಾಲ ಶೋಕದಿನ ಆಚರಿಸತಾರ. ಹುಟ್ಟಿನ ಮ್ಯಾಲ ಕಟ್ಟಿದ ಸಂಘಕ್ಕ ನಮ್ಮ ಹುಡುಗರನ್ನ ಯಾಕ ಕಳಸಬೇಕು?

ಬಾಸ್ಟನ್ ಅಕ್ಕ, 8:52
ಕಾಕಾ, ನೀವು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ನಾನು ಸಂಘದ ಹೆಮ್ಮೆಯ ಪರ ಮಾತಾಡ್ತಿಲ್ಲ. ಅವರು ಕೇಳುವ ಪುರಾವೆಯ ಪರ ಮಾತಾಡ್ತಿದ್ದೀನಿ. ಮನೆಯಲ್ಲಿ ಹೇಳಿಕೊಂಡು ಬಂದ ಕಥೆಯನ್ನು ಒಂದೊಂದು ತಲೆಮಾರಿಗೆ ಒಂದೊಂದು ಕಾಗದ ಇಟ್ಟು ಪರೀಕ್ಷಿಸುವ ಜಾಗ ಅದು.

ಮೈಸೂರು ಮಾವ, 8:54
ಅದಕ್ಕೇ ಡಿಎನ್ಎ. ಕಾಗದ ಯಾಕೆ?

ಬಾಸ್ಟನ್ ಅಕ್ಕ, 9:03
ಚಿತ್ರದ ಎರಡನೇ ತಪ್ಪು ಅದೇ. ಅಂಗಡಿಯಲ್ಲಿ ಸಿಗುವ ಕಿಟ್ ನೋಡುವುದು ಅಪ್ಪ ಅಮ್ಮ ಇಬ್ಬರಿಂದಲೂ ಬೆರೆತು ಬಂದದ್ದನ್ನು. ಪ್ರತಿ ತಲೆಮಾರಿಗೂ ಅರ್ಧರ್ಧ ಕರಗುತ್ತಾ ಹೋಗುತ್ತೆ. ಹನ್ನೆರಡು ತಲೆಮಾರು ಹಿಂದೆ ಹೋದರೆ ಪೂರ್ವಜರ ಜಾಗಗಳೇ 4096. ಅವರಲ್ಲಿ ಬಹಳ ಜನರಿಂದ ನಮಗೆ ಒಂದು ಚೂರೂ ಬಂದಿರಲ್ಲ. ಅಮೆರಿಕದ ಈಶಾನ್ಯದ ಈ ನ್ಯೂ ಇಂಗ್ಲೆಂಡ್‌ನವರಂತೂ ಆ ಸಣ್ಣ ಊರುಗಳಲ್ಲೇ ಪದೇಪದೇ ಸಂಬಂಧ ಬೆಳೆಸಿದವರು, ಇಬ್ಬರ ಡಿಎನ್ಎ ಕೂಡಿದರೂ ಯಾವ ಅಜ್ಜನಿಂದ ಕೂಡಿತು ಅಂತ ಹೇಳೋಕಾಗಲ್ಲ. ವೈ ಕ್ರೋಮೋಸೋಮ್ ಪರೀಕ್ಷೆ ಬೇರೆ. ಅದು ಅಪ್ಪ, ಅಪ್ಪನ ಅಪ್ಪ ಅಂತ ಗಂಡು ಸಾಲಿಗೆ ಮಾತ್ರ. ಇಲ್ಲಿ ಮಕ್ಕಳಿಗೆ ಸಂಬಂಧ ಬರುವುದು ತಾಯಿಯಿಂದ. ಮಕ್ಕಳ ಅಪ್ಪ, ಅಂದರೆ ನಮ್ಮ ತಮ್ಮನ ವೈ ಪರೀಕ್ಷೆ ಮಾಡಿಸಿದರೆ ನಮ್ಮ ಮನೆಯ ಸಾಲು ಸಿಗುತ್ತೆ, ವಿನ್ಸ್ಲೋ ಸಿಗಲ್ಲ!

3.5 ಕೋಟಿ ಅನ್ನುವುದೂ ಅಂದಾಜು, ಯಾರೂ ಎಣಿಸಿದ್ದಲ್ಲ.

ಪುಟ್ಟಿ, 9:05
ಹಾಗಾದ್ರೆ ಅರ್ಜಿ ಹೇಗೆ ಹಾಕೋದು? ಒಂದೊಂದಾಗಿ ಹೇಳಿ ಅಕ್ಕ.

ಬಾಸ್ಟನ್ ಅಕ್ಕ, 9:24
ಮಾತೃಸಂಘ 1897ರಲ್ಲಿ ಪ್ಲಿಮತ್‌ನಲ್ಲಿ ಆದದ್ದು. ಆದರೆ ನೇರ ಅಲ್ಲಿಗೆ ಅರ್ಜಿ ಹೋಗಲ್ಲ, ರಾಜ್ಯ ಸಂಘದ ಮೂಲಕ ಹೋಗಬೇಕು. ಮೊದಲು ವಂಶಸಾಲಿನ ಕರಡು ಮಾತ್ರ ಕಳಿಸಬೇಕು. ನಿಮ್ಮಿಂದ ಶುರುಮಾಡಿ ಹಡಗಿನ ಪ್ರಯಾಣಿಕರವರೆಗೆ ಹೆಸರು, ಹುಟ್ಟು, ಮದುವೆ, ಸಾವು, ಊರು. ಆ ಸಂಘದ ಹಿಸ್ಟೋರಿಯನ್ ಅದನ್ನು ಹಳೆಯ ಅರ್ಜಿಗಳ ಜೊತೆ ಹೋಲಿಸುತ್ತಾರೆ. ಮಕ್ಕಳ ಅಜ್ಜಿಯ ಸೋದರತ್ತೆಯೋ ದೊಡ್ಡಪ್ಪನ ಮಗನೋ ಈಗಾಗಲೇ ಸದಸ್ಯರಾಗಿದ್ದರೆ ಅರ್ಧ ಕೆಲಸ ಮುಗಿದಂತೆ. ಇಬ್ಬರಿಗೂ ಒಬ್ಬನೇ ಆದ ಅಜ್ಜನಿಂದ ಈಚೆಗಷ್ಟೇ ಹೊಸ ಪುರಾವೆ ಬೇಕು. ಈ ವಿಚಾರಣೆ ಮಾಡದೆ ವರ್ಷಗಟ್ಟಲೆ ಹುಡುಕುವವರೇ ಜಾಸ್ತಿ.

ಸಾಲಿನ ಮೇಲಿನ ತುದಿಗೆ, ಅಂದರೆ ಹಡಗಿನ ಕಡೆಯ ತಲೆಮಾರುಗಳಿಗೆ, ಸಂಘದ ಬೆಳ್ಳಿ ಪುಸ್ತಕಗಳಿವೆ. ಹೊದಿಕೆ ಬೆಳ್ಳಿ ಬಣ್ಣದ್ದು, ಅದಕ್ಕೇ ಎಲ್ಲರೂ ಹಾಗೆ ಕರೆಯೋದು. ಸಂತತಿ ಉಳಿದ ಒಬ್ಬೊಬ್ಬ ಪ್ರಯಾಣಿಕನಿಂದ ಐದು ತಲೆಮಾರಿನವರೆಗೆ, ಪ್ರತಿ ವ್ಯಕ್ತಿಗೂ ಮೂಲ ದಾಖಲೆ ತೋರಿಸಿ ಬರೆದದ್ದು. ಕೆಳತುದಿ ಕೂಡ ಸುಲಭ, ಇಪ್ಪತ್ತನೇ ಶತಮಾನದ ಸರ್ಟಿಫಿಕೇಟ್‌ಗಳು ಸಿಗುತ್ತವೆ. ಆದರೆ ಜನನ ಪ್ರಮಾಣಪತ್ರ ತಂದೆತಾಯಿಯ ಹೆಸರಿರುವ ಉದ್ದದ ನಮೂನೆಯದೇ ಆಗಬೇಕು. ಚಿಕ್ಕ ಕಾರ್ಡಿನಲ್ಲಿ ಮಗುವಿನ ಹೆಸರು ಮತ್ತು ತಾರೀಕು ಮಾತ್ರ ಇದ್ದರೆ ಅದು ಎರಡು ತಲೆಮಾರನ್ನು ಕೂಡಿಸಲ್ಲ.

ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ನಡುವೆ, ಸುಮಾರು 1780ರಿಂದ 1850ರೊಳಗೆ.

ಲಾಯರ್ ಅತ್ತೆ, 9:27
ಯಾಕೆ? ಆಗ ನೋಂದಣಿ ಇರಲಿಲ್ಲವಾ?

ಬಾಸ್ಟನ್ ಅಕ್ಕ, 9:45
ಮ್ಯಾಸಚೂಸೆಟ್ಸ್ ಊರುಗಳಲ್ಲಿ ಗುಮಾಸ್ತರು ಬರೆದಿಡುತ್ತಿದ್ದರು, 1841ರಿಂದ ರಾಜ್ಯಮಟ್ಟದ ನೋಂದಣಿಯೂ ಬಂತು. ಆದರೆ ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿದ ಮೇಲೆ ಜನ ಹೊಸ ಭೂಮಿ ಹುಡುಕಿಕೊಂಡು ಮೇನ್, ವರ್ಮಾಂಟ್, ನ್ಯೂಯಾರ್ಕ್‌ನ ಒಳನಾಡು, ಒಹಾಯೋ ಕಡೆ ಹೊರಟರು. ಮೇನ್‌ನಲ್ಲಿ ರಾಜ್ಯಮಟ್ಟದ ನೋಂದಣಿ ಶುರುವಾದದ್ದು 1892ರಲ್ಲಿ. ಅದಕ್ಕೂ ಹಿಂದಿನದು ಊರ ಗುಮಾಸ್ತನ ಪುಸ್ತಕದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಜನಗಣತಿ ನೋಡೋಣ ಅಂದರೆ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ, ಉಳಿದವರೆಲ್ಲ ವಯಸ್ಸಿನ ಕೋಷ್ಟಕದಲ್ಲಿ ಗೀಟುಗಳು. 1850ರಲ್ಲಿ ಎಲ್ಲರ ಹೆಸರೂ ಬಂತು, ಆದರೆ ಯಾರು ಯಾರಿಗೆ ಏನಾಗಬೇಕು ಅನ್ನುವ ಕಾಲಂ ಬಂದದ್ದು 1880ರಲ್ಲಿ. 1850ರ ಪುಟದಲ್ಲಿ ಒಂದೇ ಮನೆಯಲ್ಲಿ 60ರ ವಿನ್ಸ್ಲೋ, 22ರ ವಿನ್ಸ್ಲೋ ಕಂಡರೆ ಅಪ್ಪ ಮಗ ಅಂತ ಬರೆದುಬಿಡುತ್ತಾರೆ. ಅವನು ತಮ್ಮನ ಮಗನೂ ಇರಬಹುದು. ಅಂಥ ಅರ್ಜಿ ವಾಪಸ್ ಬರುತ್ತೆ. 1890ರ ಜನಗಣತಿ 1921ರ ಬೆಂಕಿ ಅನಾಹುತದಲ್ಲಿ ಬಹುಪಾಲು ಹೋಯಿತು, ಅಲ್ಲೂ ಒಂದು ಕಂದಕ.

ಲಾಯರ್ ಅತ್ತೆ, 9:49
ಅಂದರೆ ಸಿವಿಲ್ ದಾವೆಯ ಹಾಗೆ. ಉಯಿಲು, ಪಾಲುಪತ್ರ, ಕ್ರಯಪತ್ರ ಹುಡುಕಬೇಕು.

ಬಾಸ್ಟನ್ ಅಕ್ಕ, 10:02
ಅದೇ ಅತ್ತೆ! ಜಮೀನಿನ ಪತ್ರದಲ್ಲಿ "ಪ್ರೀತಿ ವಾತ್ಸಲ್ಯದಿಂದ ನನ್ನ ಮಗ ಇಂಥವನಿಗೆ" ಅಂತ ಒಂದು ಸಾಲು ಸಿಕ್ಕರೆ ಅದು ಚಿನ್ನ. ಉಯಿಲಿನ ಬಲ ಇನ್ನೂ ಹೆಚ್ಚು. ಮೇರಿ ಚಿಲ್ಟನ್‌ಳದೇ ತಗೊಳ್ಳಿ, 1676ರ ಜುಲೈನಲ್ಲಿ ಬರೆಸಿದ್ದು. "ನನ್ನ ಮಗಳು ಸಾರಾ ಮಿಡ್ಲ್‌ಕಾಟ್‌ಗೆ" ತನ್ನ ಅತ್ಯುತ್ತಮ ಗೌನು, ಲಂಗ, ಬೆಳ್ಳಿಯ ಬಿಯರ್ ಬಟ್ಟಲು. ಗೌನು ಬಟ್ಟಲು ನಮಗೆ ಬೇಕಿಲ್ಲ, ಬೇಕಾದದ್ದು ಮಿಡ್ಲ್‌ಕಾಟ್ ಅನ್ನುವ ಹೆಸರು. ಮದುವೆಯಾದ ಮಗಳ ಹೊಸ ಹೆಸರನ್ನೂ ತಾಯಿಯನ್ನೂ ಒಂದೇ ವಾಕ್ಯ ಗಂಟುಹಾಕಿತು. ಹೆಣ್ಣಿನ ಮೂಲಕ ಬರುವ ಸಾಲು ಹೆಚ್ಚಾಗಿ ಕಡಿಯುವುದು ಅಲ್ಲೇ.

ಇನ್ನೊಂದು ನಿಧಿ, ಸ್ವಾತಂತ್ರ್ಯ ಯುದ್ಧದ ಸೈನಿಕರ ವಿಧವೆಯರ ಪಿಂಚಣಿ ಕಡತಗಳು. ಮದುವೆ ಸಾಬೀತುಮಾಡಲು ಮನೆಯ ಬೈಬಲ್‌ನಿಂದ ಹೆಸರು ಬರೆದ ಹಾಳೆಯನ್ನೇ ಹರಿದು ಲಗತ್ತಿಸಿದ್ದುಂಟು. ಬೈಬಲ್ ಹಾಳೆ ಕೊಡುವುದಾದರೆ ಅದು ಅಚ್ಚಾದ ವರ್ಷ ಇರುವ ಶೀರ್ಷಿಕೆ ಪುಟವನ್ನೂ ಕೊಡಬೇಕು. 1842ರಲ್ಲಿ ಅಚ್ಚಾದ ಬೈಬಲ್‌ನಲ್ಲಿ 1790ರ ಹುಟ್ಟು ಒಂದೇ ಶಾಯಿ, ಒಂದೇ ಕೈಬರಹದಲ್ಲಿ ಇದ್ದರೆ ಅದು ಆಮೇಲೆ ನೆನಪಿನಿಂದ ಬರೆದದ್ದು.

ಮೈಸೂರು ಮಾವ, 10:05
ಇಂಟರ್‌ನೆಟ್‌ನಲ್ಲಿ ರೆಡಿಮೇಡ್ ವಂಶವೃಕ್ಷಗಳಿವೆಯಲ್ಲ?

ಬಾಸ್ಟನ್ ಅಕ್ಕ, 10:11
ಸುಳಿವಿಗೆ ಸರಿ, ಪುರಾವೆಗೆ ಬೇಡ. ಒಬ್ಬರ ತಪ್ಪನ್ನು ನೂರು ಜನ ಕಾಪಿ ಮಾಡಿರುತ್ತಾರೆ. ಅಚ್ಚಾದ ಪುಸ್ತಕದಲ್ಲೂ ತಪ್ಪು ಕೂತಿರುತ್ತೆ. ಮೇಫ್ಲವರ್‌ನಲ್ಲಿ ಬಂದ ಜಾನ್ ಹೌಲ್ಯಾಂಡ್ ಪ್ಲಿಮತ್‌ನ ಮೊದಲ ಗವರ್ನರ್ ಕಾರ್ವರ್ ಮನೆಯ ಹುಡುಗಿಯನ್ನು ಮದುವೆಯಾದ ಅಂತ ತಲೆಮಾರುಗಟ್ಟಲೆ ನಂಬಿದ್ದರು. ಆಮೇಲಿನ ಗವರ್ನರ್ ಬ್ರಾಡ್‌ಫರ್ಡ್ ಬರೆದಿದ್ದ ಪ್ಲಿಮತ್ ಇತಿಹಾಸದ ಕಳೆದುಹೋಗಿದ್ದ ಹಸ್ತಪ್ರತಿ 1855ರಲ್ಲಿ ಲಂಡನ್ನಿನ ಫುಲ್ಹಮ್ ಅರಮನೆಯ ಗ್ರಂಥಾಲಯದಲ್ಲಿ ಪತ್ತೆಯಾದ ಮೇಲೆ ಅವಳು ಜಾನ್ ಟಿಲ್ಲಿಯ ಮಗಳು ಎಲಿಜಬೆತ್ ಅಂತ ಗೊತ್ತಾಯಿತು. ಕಾರ್ವರ್‌ಗೆ ಸಂತತಿಯೇ ಉಳಿದಿರಲಿಲ್ಲ.

ಮಾತಿನ ಅರ್ಥವೂ ಮೋಸ ಮಾಡುತ್ತೆ. ಆ ಕಾಲದಲ್ಲಿ ಸೀನಿಯರ್, ಜೂನಿಯರ್ ಅಂದರೆ ಅಪ್ಪ ಮಗ ಅಂತಲೇ ಅಲ್ಲ, ಊರಿನಲ್ಲಿ ಒಂದೇ ಹೆಸರಿನ ಹಿರಿಯ, ಕಿರಿಯ ಅಷ್ಟೇ. ಹಿರಿಯ ಸತ್ತರೆ ಜೂನಿಯರ್ ಸೀನಿಯರ್ ಆಗುತ್ತಿದ್ದ. ತಾರೀಕೂ ಹಾಗೇ. 1752ರವರೆಗೆ ಇಂಗ್ಲಿಷರ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅದಕ್ಕೇ ಜನವರಿಯಿಂದ ಮಾರ್ಚ್ 24ರವರೆಗಿನ ದಾಖಲೆಗಳಲ್ಲಿ 1673/4 ಅಂತ ಎರಡು ವರ್ಷ. ಅದರಲ್ಲಿ ಒಂದನ್ನು ಮಾತ್ರ ಬರೆದುಕೊಂಡರೆ ಮದುವೆಗೆ ಮುಂಚೆ ಮಗು ಹುಟ್ಟಿದ ಹಾಗೆ ಕಾಣುತ್ತೆ.

ಧಾರವಾಡ ಕಾಕಾ, 10:20
ಇಷ್ಟು ಕಷ್ಟಪಟ್ಟು ಹುಡುಕಿ ಕೊನೀಗೆ ಸಿಗೂದೇನು? ಬಿಳೇ ಮಂದಿಯ ಹೆಸರು. ನಮ್ಮ ಕಡೆ ಹೆಳವರು ಎತ್ತಿನ ಮ್ಯಾಲ ಬಂದು ಮನಿ ಮುಂದ ನಿಂತು ವಂಶಾವಳಿ ಓದತಾರ, ಒಕ್ಕಲಮನಿದೂ ಓದತಾರ. ಅಲ್ಲಿ ಆಳುಮಂದಿಯ ಹೆಸರು ಯಾರು ಬರದಾರ?

ಬಾಸ್ಟನ್ ಅಕ್ಕ, 10:34
ಅದೇ ಕಾಗದಗಳು ಬರೆದಿವೆ ಕಾಕಾ. ನಾನು 1673/4 ಅಂತ ಸುಮ್ಮನೆ ಉದಾಹರಣೆ ಕೊಡಲಿಲ್ಲ. ಅದು ಮೇರಿಯ ಗಂಡ ಜಾನ್ ವಿನ್ಸ್ಲೋ ಬಾಸ್ಟನ್ನಿನಲ್ಲಿ ಬರೆಸಿದ ಉಯಿಲಿನ ವರ್ಷ. ಅದರಲ್ಲಿ "ನನ್ನ ನೀಗ್ರೋ ಹುಡುಗಿ ಜೇನ್" ಅಂತ ಇದೆ. ಇನ್ನೂ ಇಪ್ಪತ್ತು ವರ್ಷ ದುಡಿದ ಮೇಲೆ ಅವಳು ಸ್ವತಂತ್ರಳು, ಅಲ್ಲಿಯವರೆಗೆ ಹೆಂಡತಿ ಬದುಕಿರುವ ತನಕ ಹೆಂಡತಿಯ ಸೇವೆಯಲ್ಲಿರಬೇಕು ಅಂತ. ಚಿಲ್ಟನ್ ಸಾಲಿಗೆ ಅರ್ಜಿ ಹಾಕುವ ಯಾರೇ ಆದರೂ ಈ ಉಯಿಲನ್ನು ಓದಬೇಕು. ಮೂಲ ಓದಿದವನಿಗೆ ಜೇನ್ ಕಾಣುತ್ತಾಳೆ. ಫಾರ್ವರ್ಡ್ ಓದಿದವನಿಗೆ ಹಡಗು ಮಾತ್ರ ಕಾಣುತ್ತೆ.

ಧಾರವಾಡ ಕಾಕಾ, 10:37
ಆ ಹಾಳಿ ನನಗ ಕಳಸು.

ಪುಟ್ಟಿ, 10:38
ಸದಸ್ಯರಾದ ಮೇಲೆ ಏನು ಮಾಡ್ತಾರೆ ಅಲ್ಲಿ?

ಬಾಸ್ಟನ್ ಅಕ್ಕ, 10:44
ನವೆಂಬರ್ 21ರ ಸುಮಾರಿಗೆ ರಾಜ್ಯ ಸಂಘಗಳು ಊಟ, ಉಪನ್ಯಾಸ ಇಡುತ್ತವೆ. ಹಡಗಿನಲ್ಲೇ 41 ಗಂಡಸರು ತಮ್ಮ ಆಡಳಿತದ ಒಡಂಬಡಿಕೆಗೆ ಸಹಿ ಹಾಕಿದ ದಿನ ಅದು, ಹಳೇ ಪಂಚಾಂಗದಲ್ಲಿ ನವೆಂಬರ್ 11. ಮೂರು ವರ್ಷಕ್ಕೊಮ್ಮೆ ಪ್ಲಿಮತ್‌ನಲ್ಲಿ ಮಹಾಸಭೆ. ವಿದ್ಯಾರ್ಥಿವೇತನ ಇದೆ. 1754ರಲ್ಲಿ ಎಡ್ವರ್ಡ್ ವಿನ್ಸ್ಲೋನ ಮರಿಮಗ ಕಟ್ಟಿಸಿದ ಮನೆಯನ್ನು 1941ರಲ್ಲಿ ಕೊಂಡು ಮ್ಯೂಸಿಯಂ ಮಾಡಿದ್ದಾರೆ. ನನಗೆ ಮುಖ್ಯ ಅನಿಸುವುದು ಬೆಳ್ಳಿ ಪುಸ್ತಕದ ಕೆಲಸ, ಉಳಿದದ್ದು ಹೆಚ್ಚಾಗಿ ಊಟ.

ಲಾಯರ್ ಅತ್ತೆ, 10:50
ನಮ್ಮ ಕಡೆಯ ಕಾಗದ ಏನು ಬೇಕು? ನಾಡಕಚೇರಿಯ ವಂಶವೃಕ್ಷ ಆಗುತ್ತಾ?

ಬಾಸ್ಟನ್ ಅಕ್ಕ, 10:57
ಅದು ಬೇಡ, ಅಫಿಡವಿಟ್ ಮತ್ತು ಮಹಜರಿನ ಮೇಲೆ ನಿಂತದ್ದು. ಸಾಲು ತಾಯಿಯದು, ಹಾಗಾಗಿ ತಮ್ಮನ ಕಾಗದ ಪೂರಕ ಮಾತ್ರ. ಆದರೆ ಫಾರ್ಮ್‌ನಲ್ಲಿ ಸಂಗಾತಿಯ ಹುಟ್ಟಿದ ಊರು, ತಾರೀಕು ಬರೆಯಬೇಕು, ಅದು ಮದುವೆ ಸರ್ಟಿಫಿಕೇಟ್‌ಗೂ ಮಕ್ಕಳ ಜನನ ಪತ್ರಕ್ಕೂ ತಾಳೆಯಾಗಬೇಕು. ನಮ್ಮ ಇನಿಶಿಯಲ್ ಪದ್ಧತಿ ಇಲ್ಲಿ ಕಾಡುತ್ತೆ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ ಮತ್ತು ಹೆಸರು, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಮದುವೆ ಪತ್ರದಲ್ಲಿ ಊರ ಹೆಸರು. ಮೂರೂ ಒಬ್ಬನೇ ಅಂತ ಒಂದು ಹಾಳೆಯಲ್ಲಿ ವಿವರಣೆ ಬರೆದು ಮೂರರ ಪ್ರತಿಯನ್ನೂ ಇಡಬೇಕು. ಪ್ರತಿಗಳಷ್ಟೇ, ಮೂಲ ಕಳಿಸಬೇಡಿ. ಹೈಲೈಟರ್ ಬಳಿಯಬೇಡಿ, ಜೆರಾಕ್ಸ್‌ನಲ್ಲಿ ಕಪ್ಪಾಗಿ ಹೆಸರೇ ಮುಚ್ಚಿಹೋಗುತ್ತೆ. ಪೆನ್ಸಿಲ್‌ನಲ್ಲಿ ಅಡಿಗೆರೆ ಸಾಕು.

ಲಾಯರ್ ಅತ್ತೆ, 11:01
ಅವನ ಜನನ ನೋಂದಣಿಯಲ್ಲಿ ಹೆಸರು ಇರಲಿಕ್ಕಿಲ್ಲ. ಆಗೆಲ್ಲ ನಾಮಕರಣಕ್ಕೆ ಮುಂಚೆಯೇ ಆಸ್ಪತ್ರೆಯವರು ಬರೆಸುತ್ತಿದ್ದರು. ಗಂಡು, ತಂದೆ ತಾಯಿ, ತಾರೀಕು, ಅಷ್ಟೇ.

ಬಾಸ್ಟನ್ ಅಕ್ಕ, 11:03
ತಂದೆ ತಾಯಿ, ತಾರೀಕು ಇದ್ದರೆ ಅಂಕಪಟ್ಟಿಯ ಜೊತೆ ಇಟ್ಟು ವಿವರಿಸಬಹುದು. ಧಾರವಾಡದ ರಿಜಿಸ್ಟರಿನಲ್ಲಿ ನೋಡಬೇಕು. ಅಷ್ಟರಲ್ಲಿ ನಾನು ಮೇನ್‌ನ ಊರ ಗುಮಾಸ್ತರ ಪುಸ್ತಕದಿಂದ ಶುರುಮಾಡ್ತೀನಿ. ಅದು ಕೆನೆಲ್ಮ್ ಕವಲು ಅಂತ ಬಂದರೆ ವಿನ್ಸ್ಲೋ ಸಾಲು ಅಲ್ಲಿಗೇ ನಿಂತಿತು, ಆ ಮನೆಗೆ ಸೊಸೆಯಾಗಿ ಬಂದವರ ತವರುಗಳನ್ನು ಒಂದೊಂದಾಗಿ ನೋಡಬೇಕಾಗುತ್ತೆ.

ಧಾರವಾಡ ಕಾಕಾ, 11:09
ಸಂಘದ ಬಗ್ಗೆ ನನ್ನ ಮಾತು ನಾ ಬದಲ ಮಾಡಂಗಿಲ್ಲ. ಸೋಮವಾರ ಪಾಲಿಕೆಗೆ ಹೋಗತೀನಿ. ಹುಟ್ಟಿದ ತಾರೀಖು, ಆಸ್ಪತ್ರಿ ಹೆಸರು, ಅಪ್ಪ ಅವ್ವನ ಹೆಸರು ಆಗ ಹ್ಯಾಂಗ ಬರಸಿದ್ರೋ ಹಾಂಗ, ಇವತ್ತ ರಾತ್ರಿ ಕಳಸಿಬಿಡು. ಜೇನ್ ಇರೂ ಹಾಳೀನೂ.