ಇನ್ಫಾರ್ಮ್ಯಾಟಿಕ್ಸ್ ಮುಖ್ಯಸ್ಥರಾದವರು ಮೊದಲು ಯಾವುದಕ್ಕೆ ಕೈ ಹಾಕಬೇಕು?

ಸಾಲುಕಂಬ:
ಔಷಧ ಸಂಶೋಧನೆಯಲ್ಲಿ ಡೇಟಾ ಅನಾಲಿಸಿಸ್ ಮಾಡುತ್ತಿದ್ದವರಿಗೆ ಇಡೀ ಇನ್ಫಾರ್ಮ್ಯಾಟಿಕ್ಸ್ (ಸಂಶೋಧನೆಯ ಡೇಟಾ ನೋಡಿಕೊಳ್ಳುವ) ವಿಭಾಗದ ಹೊಣೆ ಬಂದರೆ ಮೊದಲ ಆರು ತಿಂಗಳು ಏನು ಮಾಡಬೇಕು? ಮೇಲಿನವರು ಕೇಳುವುದು ಎಐ ಮಾಡೆಲ್. ಕೆಳಗಿರುವುದು ಮೂರು ಲ್ಯಾಬ್‌ಗಳ ಐಸಿ50 (ಪ್ರೋಟೀನಿನ ಕೆಲಸವನ್ನು ಅರ್ಧಕ್ಕೆ ಇಳಿಸಲು ಬೇಕಾದ ಸಂಯುಕ್ತದ ಪ್ರಮಾಣ) ಅಂಕಿಗಳು, ಮೂರು ಎಕ್ಸೆಲ್ ಫೈಲ್‌ಗಳಲ್ಲಿ. ಒಂದಕ್ಕೊಂದು ತಾಳೆಯಾಗುವುದಿಲ್ಲ.

ಪಿಪೆಟ್:
ಮಾಡೆಲ್ ಆಮೇಲೆ, ಮೊದಲು ಆ ಮೂರು ಫೈಲ್. ಎಲ್ಲವನ್ನೂ ಪಿಐಸಿ50ಗೆ (ಮೋಲಾರ್‌ನಲ್ಲಿ ಬರೆದ ಐಸಿ50ಯ ಋಣ ಲಾಗ್) ತನ್ನಿ: 1 ಮೈಕ್ರೋಮೋಲಾರ್ ಅಂದರೆ 6, 100 ನ್ಯಾನೋಮೋಲಾರ್ ಅಂದರೆ 7. ಒಂದೇ ಸಂಯುಕ್ತಕ್ಕೆ ಎರಡು ಲ್ಯಾಬ್‌ಗಳ ನಡುವೆ ಹೆಚ್ಚುಕಮ್ಮಿ 3ರ, ಅಂದರೆ ಸಾವಿರ ಪಟ್ಟಿನ, ಅಂತರ ಬಂದರೆ ಮೊದಲ ಅನುಮಾನ ಯೂನಿಟ್ ಮೇಲೆ. ಒಬ್ಬರು ನ್ಯಾನೋ, ಇನ್ನೊಬ್ಬರು ಮೈಕ್ರೋ ಬರೆದಿರುತ್ತಾರೆ. ‘>10’ (10ಕ್ಕಿಂತ ಹೆಚ್ಚು) ಎಂದಿರುವಲ್ಲಿ ಚಿಹ್ನೆಗೆ ಬೇರೆ ಕಾಲಮ್ ಕೊಡಿ. ಇಲ್ಲದಿದ್ದರೆ ಯಾರೋ ಅದನ್ನು 10 ಎಂದು ಓದಿ ಸರಾಸರಿ ತೆಗೆಯುತ್ತಾರೆ.

ಯೂನಿಟ್ ಸರಿಯಿದ್ದೂ ತಾಳೆಯಾಗದಿದ್ದರೆ ಅಸೇ (ಲ್ಯಾಬ್ ಪರೀಕ್ಷೆಯ ವಿಧಾನ) ನೋಡಿ. ಕೈನೇಸ್ ಎಂಬ ಕಿಣ್ವಗಳು ಕೆಲಸಕ್ಕೆ ಎಟಿಪಿ ಎಂಬ ಅಣುವನ್ನು ಬಳಸುತ್ತವೆ. ಅವುಗಳ ಅಸೇಯಲ್ಲಿ ಎಟಿಪಿಯೊಂದಿಗೆ ಜಾಗಕ್ಕೆ ಪೈಪೋಟಿ ಮಾಡುವ ಅಣುವಿಗೆ, ಎಟಿಪಿ ಏರಿದಷ್ಟೂ ಐಸಿ50 ಏರುತ್ತದೆ. 1973ರ ಚೆಂಗ್-ಪ್ರುಸಾಫ್ ಸೂತ್ರದ ಪ್ರಕಾರ, ಎಟಿಪಿ ಅದರ ಕೆಎಂನಷ್ಟೇ (ಕಿಣ್ವ ಗರಿಷ್ಠ ವೇಗದ ಅರ್ಧಕ್ಕೆ ಬರುವ ಎಟಿಪಿ ಪ್ರಮಾಣ) ಇದ್ದರೆ ಐಸಿ50 ಎಂಬುದು ಕೆಐನ (ಅಣು ಕಿಣ್ವಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತದೆ ಎಂಬ ಅಳತೆ) 2 ಪಟ್ಟು. ಕೆಎಂನ 9 ಪಟ್ಟಿದ್ದರೆ 10 ಪಟ್ಟು. ಅದೇ ಅಣು, ಅದೇ ಪ್ರೋಟೀನ್, ಐದು ಪಟ್ಟು ವ್ಯತ್ಯಾಸ, ಆದರೂ ಎರಡೂ ಲ್ಯಾಬ್ ಸರಿ! ಹಾಗಾಗಿ ಎಟಿಪಿ ಪ್ರಮಾಣವೂ ಪ್ರೋಟೋಕಾಲ್ ನಂಬರ್ರೂ ಪ್ರತಿ ಸಾಲಿನಲ್ಲಿ ಇರಲೇಬೇಕು.

ಬಿಳಿಇಲಿ:
ಅದಕ್ಕೂ ಮುಂಚೆ, ‘ಒಂದೇ ಸಂಯುಕ್ತ’ ಅಂತ ಹೇಗೆ ಗೊತ್ತು? ಹೈಡ್ರೋಕ್ಲೋರೈಡ್ ಲವಣಕ್ಕೊಂದು ನಂಬರ್, ಅದರ ಲವಣವಾಗದ ಮೂಲ ರೂಪವಾದ ಫ್ರೀ ಬೇಸ್‌ಗೆ ಇನ್ನೊಂದು ಇರುತ್ತದೆ. ಲವಣ ಕಳಚಿ ಇಂಚಿಕೀ (ಅಣುವಿನ ರಚನೆಯಿಂದ ಬರುವ ಗುರುತಿನ ಅಕ್ಷರಸಾಲು) ತೆಗೆಯಿರಿ. ಪೂರ್ತಿ ಕೀ ಹೋಲಿಸಿ. ಮೊದಲ 14 ಅಕ್ಷರ ಮಾತ್ರ ಹೋಲಿಸಿದರೆ ಒಂದರ ಕನ್ನಡಿ ಬಿಂಬದಂತೆ ಇನ್ನೊಂದಿರುವ ಎಡಗೈ-ಬಲಗೈ ರೂಪಗಳು ಒಂದೇ ಸಾಲಿಗೆ ಸೇರಿಬಿಡುತ್ತವೆ.

ಜೀನ್ ಹೆಸರುಗಳನ್ನೂ ನಂಬಬೇಡಿ. ಎಕ್ಸೆಲ್ ‘ಸೆಪ್ಟ್2’ ಕಂಡರೆ ಸೆಪ್ಟೆಂಬರ್ 2 ಮಾಡುತ್ತದೆ. ಈ ಕಾಟಕ್ಕೇ ಆ ಜೀನ್‌ಗೆ ‘ಸೆಪ್ಟಿನ್2’ ಎಂದು ಹೊಸ ಹೆಸರಿಟ್ಟದ್ದು. ಹಳೆ ಫೈಲ್‌ಗಳಲ್ಲಿ ಸೆಪ್ಟೆಂಬರ್ ಇನ್ನೂ ಕೂತಿದೆ. ಎನ್‌ಸೆಂಬಲ್ ಐಡಿ (ಆ ಹೆಸರಿನ ಜೀನೋಮ್ ಡೇಟಾಬೇಸ್ ಪ್ರತಿ ಜೀನ್‌ಗೆ ಕೊಡುವ ಗುರುತು ಸಂಖ್ಯೆ) ಬಳಸಿ.

ಸಾಲುಕಂಬ:
ಸರಿ. ಆದರೂ ಮಾಡೆಲ್ ತೋರಿಸಲೇಬೇಕು ಅಂದರೆ?

ಪಿಪೆಟ್:
ತೋರಿಸಿ, ಆದರೆ ಡೇಟಾವನ್ನು ಚೀಟಿ ಎತ್ತಿದ ಹಾಗೆ ಟ್ರೈನ್-ಟೆಸ್ಟ್ ಅಂತ ಹಂಚಬೇಡಿ. ಒಂದೇ ಸರಣಿಯ, ಬರೀ ಒಂದು ಮೀಥೈಲ್ (ಪುಟ್ಟ ಪರಮಾಣು ಗುಂಪು) ವ್ಯತ್ಯಾಸದ ಅಣುಗಳು ಎರಡೂ ಕಡೆ ಬೀಳುತ್ತವೆ, ಅಂಕ ಭರ್ಜರಿ ಬರುತ್ತದೆ. ತಾರೀಕಿನಿಂದ ಹಂಚಿ: ಮೊದಲು ತಯಾರಾದವು ಕಲಿಕೆಗೆ, ಆಮೇಲಿನವು ಪರೀಕ್ಷೆಗೆ. ಅಂಕ ಸಾಮಾನ್ಯವಾಗಿ ಇಳಿಯುತ್ತದೆ. ಮೀಟಿಂಗ್‌ಗೆ ಒಯ್ಯಬೇಕಾದ್ದು ಆ ಇಳಿದ ಅಂಕವನ್ನೇ.

ಹಳೇಗಡಿಯಾರ:
ಮೇಲಿನದ್ದೆಲ್ಲ ಸರಿ, ಆದರೆ ಅದು ಒಳ್ಳೆ ಟೀಮ್ ಲೀಡ್ ಕೆಲಸ. ಮುಖ್ಯಸ್ಥರ ಕುರ್ಚಿ ಇರಬೇಕಾದ್ದು ಟಾರ್ಗೆಟ್ (ಔಷಧ ಗುರಿಯಿಡುವ ಜೀನ್ ಅಥವಾ ಪ್ರೋಟೀನ್) ಆಯ್ಕೆಯ ಮೇಜಿನಲ್ಲಿ. ಪಿಸಿಎಸ್‌ಕೆ9 ನೋಡಿ: ಆ ಜೀನ್ ಅತಿ ಚುರುಕಾದ ಕುಟುಂಬಗಳಲ್ಲಿ ಕೊಲೆಸ್ಟರಾಲ್ ವಿಪರೀತ ಎಂದು 2003ರಲ್ಲಿ ಗೊತ್ತಾಯಿತು, ಆ ಜೀನ್ ಕೆಟ್ಟು ಕೆಲಸ ಮಾಡದವರಲ್ಲಿ ಹೃದ್ರೋಗ ಕಡಿಮೆ ಎಂದು 2006ರಲ್ಲಿ. ಅದನ್ನು ತಡೆಯುವ ಎರಡು ಆ್ಯಂಟಿಬಾಡಿ ಔಷಧಗಳಿಗೆ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಹೊಸ ಟಾರ್ಗೆಟ್ ಬಂದಾಗ ಕೇಳಬೇಕಾದ್ದು: ಹುಟ್ಟಿನಿಂದಲೇ ಈ ಜೀನ್ ದುರ್ಬಲವಾಗಿರುವವರಿಗೆ ಏನಾಗಿದೆ? ಉತ್ತರ ಕೊಡಲು ಜೀನೋಮ್ ಡೇಟಾ ರೋಗಿಯ ದಾಖಲೆಗೆ ಜೋಡಿಸಿರಬೇಕು. ನೀವು ತಯಾರಿಸುತ್ತಿರುವುದು ಇನ್ಹಿಬಿಟರ್ (ಟಾರ್ಗೆಟ್‌ನ ಕೆಲಸ ತಡೆಯುವ ಔಷಧ), ಆದರೆ ಜೀನ್ ದುರ್ಬಲವಿದ್ದವರಿಗೇ ಕಾಯಿಲೆ ಹೆಚ್ಚು ಅಂದರೆ, ಆ ಪ್ರಾಜೆಕ್ಟ್‌ಗೆ ಐಸಿ50 ಎಷ್ಟೇ ಚೊಕ್ಕಟವಾಗಿದ್ದರೂ ಉಪಯೋಗವಿಲ್ಲ.